ಮಡಿಸಿದರೆ ಮೊಳ, ಬಿಚ್ಚಿದರೆ ಮಾರು

ಹೊಲಿಗೆಯ ಯಂತ್ರವಿರುವ ಮನೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟು ಉಂಟು. ಆ ಯಂತ್ರಕ್ಕೆ ಮನೆಯಲ್ಲಿ ಒಂದು ಗೌರವದ ಸ್ಥಾನವೂ ಉಂಟು. ಕಿಟಕಿಯ ಬೆಳಕು ಬೀಳುವ ಕಡೆ ಅದನ್ನು ಇಡುತ್ತೇವೆ. ಕಸೂತಿ ಹಾಕಿದ ಮುಸುಕು ಹೊದಿಸುತ್ತೇವೆ. ಆಯುಧಪೂಜೆಯ ದಿನ ಅರಿಸಿನ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಆದರೆ ಯಂತ್ರದ ಮುಂದೆ ಕುಳಿತುಕೊಳ್ಳುವುದಕ್ಕೆ ಮೊದಲು ನಡೆಯಬೇಕಾದ ಇನ್ನೊಂದು ಕೆಲಸವಿದೆ. ಬಟ್ಟೆಯನ್ನು ಹರಡಬೇಕು, ಅಳೆಯಬೇಕು, ಗುರುತು ಹಾಕಬೇಕು, ಕತ್ತರಿಸಬೇಕು. ಈ ಕೆಲಸಕ್ಕೆ ನಾವು ಕೊಟ್ಟಿರುವ ಸ್ಥಾನ ಯಾವುದು? ಬರಿಯ ನೆಲ. ಇಲ್ಲವಾದರೆ ಮಂಚ, ಅದೂ ಇಲ್ಲವಾದರೆ ಊಟದ ಮೇಜು, ಅದರ ಮೇಲಿನ ಉಪ್ಪಿನಕಾಯಿಯ ಜಾಡಿಯನ್ನು ಪಕ್ಕಕ್ಕೆ ಸರಿಸಿದ ಮೇಲೆ.

ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕತ್ತರಿ ತಪ್ಪಿದರೆ ಬಿಚ್ಚುವುದೇನನ್ನು? ಹಾಗಿರುವಾಗ, ತಿದ್ದಿಕೊಳ್ಳಬಹುದಾದ ಕೆಲಸಕ್ಕೆ ಪೀಠವನ್ನು ಕೊಟ್ಟು, ತಿದ್ದಲಾಗದ ಕೆಲಸವನ್ನು ನೆಲಕ್ಕೆ ತಳ್ಳಿರುವುದು ನ್ಯಾಯವೇ? ಈ ವಿಷಯವನ್ನು ಕುರಿತು ನಿಮ್ಮೊಡನೆ ಕೆಲವು ಮಾತುಗಳನ್ನು ಆಡಬೇಕೆಂದಿದ್ದೇನೆ.

ಕನ್ನಡ ಮೇಷ್ಟ್ರಿಗೂ ಕತ್ತರಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ‘ಕತ್ತರಿ’ ಎಂಬುದು ಸಂಸ್ಕೃತದ ‘ಕರ್ತರೀ’ ಎಂಬುದರ ತದ್ಭವವೆಂದು ತರಗತಿಯಲ್ಲಿ ಹೇಳಿಕೊಡುವುದಕ್ಕಷ್ಟೇ ನನ್ನ ಅಧಿಕಾರ. ಆದರೆ ನಮ್ಮ ಮನೆಯಲ್ಲಿ ಆ ತದ್ಭವದಿಂದಲೇ ಅನ್ನ ಹುಟ್ಟಿದ್ದುಂಟು. ನಮ್ಮ ಅಕ್ಕ ನಲವತ್ತು ವರ್ಷಕ್ಕೂ ಮೇಲ್ಪಟ್ಟು ರವಿಕೆ, ಲಂಗ, ಮಕ್ಕಳ ಅಂಗಿಗಳನ್ನು ಹೊಲಿದವರು. ನಾನು ಪಂಡಿತ ಪರೀಕ್ಷೆಗೆ ಕಟ್ಟಿದ ಶುಲ್ಕದಲ್ಲಿ ಅವರ ರವಿಕೆಗಳ ಹಣ ಸೇರಿತ್ತು. ಅಷ್ಟು ವರ್ಷವೂ ಅವರು ಕತ್ತರಿಸಿದ್ದು ನೆಲದ ಮೇಲೆಯೇ. ಚಾಪೆ ಹಾಸಿ, ಮೇಲೊಂದು ಹಳೆಯ ಪಂಚೆ ಹಾಸಿ, ಮಂಡಿಯೂರಿ.

ಅರವತ್ತು ದಾಟಿದ ಮೇಲೆ ಮಂಡಿ ಮುನಿಯಿತು. ವೈದ್ಯರು ನೆಲದ ಮೇಲೆ ಕೂರಬೇಡಿರೆಂದರು. ಅಕ್ಕ ತಲೆಯಾಡಿಸಿದರು, ಕೂರುವುದನ್ನು ಬಿಡಲಿಲ್ಲ. ಆ ವರ್ಷ ಮದುವೆಯ ಕಾಲದಲ್ಲಿ ಪರಿಚಿತರೊಬ್ಬರು ರೇಷ್ಮೆಯ ರವಿಕೆ ಕಣವೊಂದನ್ನು ಕೊಟ್ಟು ಹೋದರು. ಕಾಲು ನೀಡಿಕೊಂಡು, ಒಂದು ಪಕ್ಕಕ್ಕೆ ವಾಲಿ, ಬಟ್ಟೆಯನ್ನು ಪೂರ್ತಿಯಾಗಿ ಹರಡುವುದಕ್ಕೆ ಜಾಗವಿಲ್ಲದೆ, ಅಕ್ಕ ಒಂದು ತೋಳನ್ನು ಕತ್ತರಿಸಿದರು. ಅನಂತರ ಬಟ್ಟೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಇನ್ನೊಂದು ತೋಳನ್ನು ಕತ್ತರಿಸಿದರು. ಯಂತ್ರದ ಮುಂದೆ ಕುಳಿತಾಗಲೇ ತಿಳಿದದ್ದು: ಎರಡೂ ಎಡಗೈಯ ತೋಳುಗಳೇ.

ಹೊಲಿಗೆ ಬಲ್ಲವರಿಗೆ ಇದರ ಮರ್ಮ ಗೊತ್ತು. ಎಡತೋಳೂ ಬಲತೋಳೂ ಕನ್ನಡಿಯ ಎದುರಿಗೆ ನಿಂತ ಹಾಗೆ ಒಂದಕ್ಕೊಂದು ಪ್ರತಿಬಿಂಬ. ಕಂಕುಳ ಸುತ್ತಿನಲ್ಲಿ ಮುಂಭಾಗ ಹೆಚ್ಚು ಆಳ, ಹಿಂಭಾಗ ಕಡಿಮೆ. ಬಟ್ಟೆಯನ್ನು ಎರಡು ಪದರ ಮಾಡಿ ಮುಖಕ್ಕೆ ಮುಖ ಸೇರಿಸಿ ಒಮ್ಮೆಗೇ ಕತ್ತರಿಸಿದರೆ ಎರಡೂ ತಾವಾಗಿಯೇ ಜೋಡಿಯಾಗುತ್ತವೆ. ಜಾಗವಿಲ್ಲದೆ ಒಂದೊಂದಾಗಿ ಕತ್ತರಿಸಹೊರಟಾಗ, ಬಟ್ಟೆಯನ್ನು ಎಷ್ಟು ಸುತ್ತು ತಿರುಗಿಸಿದರೂ ಮಗುಚಿ ಹಾಕದಿದ್ದರೆ ಎರಡೂ ಒಂದೇ ಕೈಯವಾಗುತ್ತವೆ. ಅಕ್ಕ ಅಂಥದೇ ರೇಷ್ಮೆಯನ್ನು ಹುಡುಕಿಸಿ, ಸ್ವಂತ ಹಣ ಕೊಟ್ಟು ತರಿಸಿ, ರವಿಕೆಯನ್ನು ಮುಗಿಸಿಕೊಟ್ಟರು. ಆ ರಾತ್ರಿ ನನ್ನನ್ನು ಕರೆದು, “ಸಾಕು ಕಣೋ. ಇನ್ನು ಕತ್ತರಿ ಮೇಲಿಟ್ಟುಬಿಡುತ್ತೇನೆ” ಎಂದರು. ನಷ್ಟವಾದ ಹಣದ ಮಾತನ್ನು ಅವರು ಆಡಲೇ ಇಲ್ಲ. ತಮ್ಮ ಕೈಯ ಮೇಲೆ ತಮಗಿದ್ದ ನಂಬಿಕೆ ಹೋಯಿತೆಂಬುದೇ ಅವರ ಸಂಕಟ.

ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರಿದ್ದರು. ಸೂಜಿಯನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡವರು ಅವರು. ಕಾಯಕವೆಂದರೆ ಕೂಲಿ ಮಾತ್ರವಲ್ಲ, ಅದು ಮನುಷ್ಯನ ಹೆಸರಿನ ಭಾಗ ಎಂದು ತರಗತಿಯಲ್ಲಿ ಎಷ್ಟೋ ಬಾರಿ ಪಾಠ ಹೇಳಿದ್ದೇನೆ. ಮನೆಯಲ್ಲಿ ಆ ಪಾಠಕ್ಕೆ ಪರೀಕ್ಷೆ ಬಂದಾಗ, ಅಕ್ಕನಿಗೊಂದು ಮೇಜು ಮಾಡಿಸಿಕೊಡದೆ ತೇರ್ಗಡೆಯಾಗುವಂತಿರಲಿಲ್ಲ.

ನನ್ನ ಮೊದಲ ಪ್ರಯತ್ನ ಸೋತಿತು. ಅದನ್ನು ಮುಚ್ಚಿಡುವುದಿಲ್ಲ, ಅದರಿಂದ ನಿಮಗೆ ಪ್ರಯೋಜನವಾಗಬಹುದು. ಅಂಗಡಿಗೆ ಹೋಗಿ 5 ಅಡಿ ಉದ್ದ, 3 ಅಡಿ ಅಗಲದ, ನಾಲ್ಕು ಕಾಲಿನ ಗಟ್ಟಿ ಮೇಜೊಂದನ್ನು ತಂದೆ. 10 ಅಡಿಗೆ 10 ಅಡಿಯ ಕೋಣೆ ನಮ್ಮದು. ಅದರಲ್ಲೇ ಅಕ್ಕನ ಯಂತ್ರ, ಅದರಲ್ಲೇ ಹುಡುಗರ ಓದು, ನೆಂಟರು ಬಂದರೆ ಅದರಲ್ಲೇ ಹಾಸಿಗೆ. ಮೇಜು ಬಂದ ದಿನದಿಂದ ಎಲ್ಲರೂ ಅಡ್ಡಡ್ಡಲಾಗಿ ನಡೆಯಬೇಕಾಯಿತು. ಬಯಲು ಕಂಡ ಕಡೆ ದನ ಮೇಯುವಂತೆ, ಬರಿದಾದ ಮೇಜು ಕಂಡ ಕಡೆ ಸಾಮಾನು ಮೇಯುತ್ತದೆ. ಮೊದಲು ವೃತ್ತಪತ್ರಿಕೆ, ಆಮೇಲೆ ಉತ್ತರಪತ್ರಿಕೆಗಳ ಕಟ್ಟು, ಆಮೇಲೆ ಒಗೆದ ಬಟ್ಟೆಯ ರಾಶಿ. ಇಷ್ಟನ್ನೂ ತೆಗೆದು ಒಂದು ರವಿಕೆ ಕತ್ತರಿಸುವುದಕ್ಕಿಂತ ನೆಲವೇ ವಾಸಿಯೆಂದು ಅಕ್ಕ ಮತ್ತೆ ಚಾಪೆ ಬಿಚ್ಚಿದರು. ಸಾಲದುದಕ್ಕೆ, ಆ ಮೇಜಿನ ಎತ್ತರ 30 ಅಂಗುಲ. ಅದು ಕುಳಿತು ಬರೆಯುವವರ, ಊಟ ಮಾಡುವವರ ಎತ್ತರ. ಅದರ ಮುಂದೆ ನಿಂತು ಕತ್ತರಿಸಿದ ದಿನಗಳಲ್ಲಿ ಮಂಡಿಯ ನೋವು ಸೊಂಟಕ್ಕೆ ಏರಿತೇ ಹೊರತು ಇಳಿಯಲಿಲ್ಲ.

ಆಗ ಕರೆಸಿದ್ದು ನಮ್ಮ ಬೀದಿಯ ಆಚಾರರನ್ನು. ಅವರು ಕೋಣೆಯನ್ನು ನೋಡಲಿಲ್ಲ, ನನ್ನ ಮಾತನ್ನೂ ಕೇಳಲಿಲ್ಲ. ಅಕ್ಕನ ಕಡೆ ತಿರುಗಿ, “ಅಮ್ಮಾ, ತಾವು ಹೇಗೆ ಕತ್ತರಿಸುತ್ತೀರೋ ಒಂದು ಸಲ ಮಾಡಿ ತೋರಿಸಿ” ಎಂದರು. ಅಕ್ಕ ಚಾಪೆಯ ಮೇಲೆ ಬಟ್ಟೆಯನ್ನು ಹರಡಿ, ಒಂದು ಕಡೆ ಗುರುತು ಹಾಕಿ, ಬಟ್ಟೆಯನ್ನು ತಿರುಗಿಸಿ, ಇನ್ನೊಂದು ಕಡೆ ಗುರುತು ಹಾಕಿದರು. ಆಚಾರರು ತಲೆದೂಗಿ, “ಮೇಷ್ಟ್ರೇ, ಇಲ್ಲಿ ಬಟ್ಟೆ ಸುತ್ತುತ್ತಾ ಇದೆ. ಬಟ್ಟೆ ನಿಲ್ಲಬೇಕು, ಅಮ್ಮನವರು ಸುತ್ತಬೇಕು” ಎಂದರು. ಈ ಒಂದು ಮಾತಿನಲ್ಲಿ ಮೇಜಿನ ಶಾಸ್ತ್ರವೆಲ್ಲ ಅಡಗಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಳಗನ್ನಡದಲ್ಲಿ ‘ಬಟ್ಟೆ’ ಎಂದರೆ ದಾರಿ ಎಂಬ ಅರ್ಥವೂ ಉಂಟು. ಉಡುವ ಬಟ್ಟೆಗೂ ನಡೆಯುವ ಬಟ್ಟೆಗೂ ನಂಟು ಕಟ್ಟುವ ಸಾಹಸಕ್ಕೆ ನಾನು ಹೋಗುವುದಿಲ್ಲ. ಆದರೆ ಉಡುವ ಬಟ್ಟೆಗೂ ತನ್ನದೇ ಆದ ಒಂದು ದಾರಿ ಇರುವುದಂತೂ ನಿಜ. ಅದೇ ಎಳೆಯ ದಾರಿ. ಮಗ್ಗದಲ್ಲಿ ಉದ್ದಕ್ಕೆ ಬಿಗಿದು ಕಟ್ಟಿದ್ದು ಹಾಸು. ಅಡ್ಡಲಾಗಿ ಲಾಳಿಯೊಡನೆ ಓಡಾಡಿದ್ದು ಹೊಕ್ಕು. ಹಾಸಿನ ಉದ್ದಕ್ಕೆ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ; ಹೊಕ್ಕಿನ ಕಡೆಗೆ ಸ್ವಲ್ಪ ಹಿಗ್ಗುತ್ತದೆ; ಓರೆಯಾಗಿ ಎಳೆದರೆ ಬಹಳ ಹಿಗ್ಗುತ್ತದೆ. ಆದ್ದರಿಂದಲೇ ಬಲ್ಲವರು ಅಂಚಿಗೆ ಸಮಾನಾಂತರವಾಗಿ ಹಾಸಿನ ಎಳೆ ಹಿಡಿದು ಗುರುತು ಹಾಕುತ್ತಾರೆ. ನೆಲದ ಮೇಲೆ ಮಂಡಿಯೂರಿ ಬಟ್ಟೆಯನ್ನು ಒಮ್ಮೆ ಅತ್ತ ಒಮ್ಮೆ ಇತ್ತ ಎಳೆದಾಗ ಎಳೆ ಓರೆಯಾಗುತ್ತದೆ. ಆಗ ಕತ್ತರಿಸಿದ್ದು ಆಗ ಸರಿಯಾಗಿಯೇ ಕಾಣುತ್ತದೆ. ಎರಡು ಸಲ ಒಗೆದ ಮೇಲೆ ಅಂಗಿಯ ಪಕ್ಕದ ಹೊಲಿಗೆ ಹೊಟ್ಟೆಯ ಮೇಲಕ್ಕೆ ತಿರುಗಿ ಬರುತ್ತದೆ. ದೂರು ಹೊಲಿದವರ ಮೇಲೆ, ತಪ್ಪು ನೆಲದ್ದು.

ಕತ್ತರಿಯನ್ನೇ ನೋಡಿ. ದರ್ಜಿಗಳ ದೊಡ್ಡ ಕತ್ತರಿಯ ಹಿಡಿಕೆ ನೇರವಾಗಿರದೆ ಮೇಲಕ್ಕೆ ಬಾಗಿರುತ್ತದೆ. ಕೆಳಗಿನ ಅಲಗು ಹಲಗೆಯ ಮೇಲೆ ಮಲಗಿಕೊಂಡು ಸಾಗಲಿ, ಬಟ್ಟೆ ಮೇಲೆದ್ದು ಅಲುಗದಿರಲಿ ಎಂಬುದೇ ಆ ಬಾಗಿನ ಉದ್ದೇಶ. ಕತ್ತರಿಯನ್ನು ಮಾಡಿದವನು ಮೇಜನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ್ದಾನೆ. ನಾವು ಕತ್ತರಿಯನ್ನು ಕೊಂಡು ಮೇಜನ್ನು ಮರೆತಿದ್ದೇವೆ.

ಹಾಗಾದರೆ ಮೇಜು ಎಷ್ಟು ದೊಡ್ಡದಿರಬೇಕು? ಅಂಗಡಿಯಲ್ಲಿ ಬಟ್ಟೆಯ ಪನ್ನ ಸಾಮಾನ್ಯವಾಗಿ 36 ಅಂಗುಲ, 44ರಿಂದ 45 ಅಂಗುಲ, 58ರಿಂದ 60 ಅಂಗುಲ ಹೀಗೆ ಇರುತ್ತದೆ. ಇಂಚನ್ನೇ ನಾನು ಅಂಗುಲ ಎನ್ನುತ್ತಿದ್ದೇನೆ. 1956ರ ಕಾಯಿದೆಯಿಂದ ದೇಶದಲ್ಲಿ ಮೆಟ್ರಿಕ್ ಅಳತೆ ಬಂದು ಬಟ್ಟೆ ಮೀಟರಿಗೆ ಸಂದರೂ, ದರ್ಜಿಯ ಬಾಯಲ್ಲಿ ಇಂಚೇ ಉಳಿದಿದೆ. 44 ಅಂಗುಲದ ಬಟ್ಟೆಯನ್ನು ಉದ್ದಕ್ಕೆ ಮಡಿಸಿದರೆ 22 ಆಗುತ್ತದೆ. 58 ಅಂಗುಲದ್ದನ್ನು ಮಡಿಸಿದರೆ 29. ಮೇಜಿನ ಅಗಲ 36 ಅಂಗುಲ ಇದ್ದರೆ ಎರಡೂ ಹಿಡಿಸಿ, ಕತ್ತರಿ, ಅಳತೆಪಟ್ಟಿ, ಸುಣ್ಣದ ಬಿಲ್ಲೆಗಳಿಗೂ ಜಾಗ ಉಳಿಯುತ್ತದೆ. ಉದ್ದ 60 ಅಂಗುಲ ಸಾಕು. ದೊಡ್ಡವರ ಕಮೀಜಿನ ಉದ್ದವೂ ಅದರಲ್ಲಿ ಧಾರಾಳವಾಗಿ ಮಲಗುತ್ತದೆ. ನೆನಪಿಡಲು ಸುಲಭವಾದ ಸೂತ್ರವೊಂದಿದೆ: ನಿಮ್ಮ ಕೊರಳಿಗೆ ಜೋತುಬೀಳುವ ಟೇಪಿನ ಉದ್ದವೇ ಮೇಜಿನ ಉದ್ದ, ಒಂದು ಗಜವೇ ಅದರ ಅಗಲ.

ಆದರೆ ಇದು ನನ್ನ ಮೊದಲ ಮೇಜಿನ ಅಳತೆಯೇ ಆಯಿತಲ್ಲ ಎಂದಿರಾ? ನಿಜ. ಅಳತೆ ತಪ್ಪಿರಲಿಲ್ಲ. ದಿನದ ಇಪ್ಪತ್ತನಾಲ್ಕು ಗಂಟೆಯೂ ಅದೇ ಅಳತೆಯಲ್ಲಿ ನಿಂತಿದ್ದುದು ತಪ್ಪು. ಕೆಲಸದ ಹೊತ್ತಿನಲ್ಲಿ ಹರಡಿಕೊಂಡು, ಕೆಲಸ ಮುಗಿದೊಡನೆ ಮುದುಡಿಕೊಳ್ಳುವ ಮೇಜು ನಮಗೆ ಬೇಕು. ಇದಕ್ಕೆ ಮೂರು ದಾರಿಗಳುಂಟು.

ಮೊದಲನೆಯದು, ಗೋಡೆಗೆ ಬಿಜಾಗರಿಯಿಂದ ಹಲಗೆಯನ್ನು ಕೂಡಿಸಿ, ಬೇಡವಾದಾಗ ಕೆಳಕ್ಕೆ ಇಳಿಬಿಡುವುದು. ಖರ್ಚು ಕಡಿಮೆ, ಜಾಗವೂ ಕಡಿಮೆ. ಆದರೆ ಹಲಗೆಯ ಒಂದು ಮಗ್ಗುಲು ಗೋಡೆಗೆ ಅಂಟಿರುವುದರಿಂದ ಸುತ್ತಲೂ ನಡೆಯಲಾಗದು. ಬಟ್ಟೆ ಮತ್ತೆ ತಿರುಗುತ್ತದೆ. ಬಾಡಿಗೆಯ ಮನೆಯಾದರೆ ಗೋಡೆ ಕೊರೆಯುವುದಕ್ಕೆ ಮಾಲೀಕರ ಅಪ್ಪಣೆಯೂ ಬೇಕು. ಎರಡನೆಯದು, ಮಡಿಚುವ ಎರಡು ಜೋಡಿ ಕಾಲುಗಳ ಮೇಲೆ ಬಿಡಿ ಹಲಗೆಯನ್ನು ಇಡುವುದು. ನಾನು ಹೇಳಿದ ಅಳತೆಯ ಮುಕ್ಕಾಲು ಅಂಗುಲದ ಪ್ಲೈವುಡ್ ಹಲಗೆ ಸುಮಾರು 15 ಕಿಲೋಗ್ರಾಂ ತೂಗುತ್ತದೆ. ಹರೆಯದವರು ಎತ್ತಿ ಇಳಿಸಬಹುದು; ಮಂಡಿ ನೋವಿನವರಿಗೆ ದಿನಾ ಈ ವ್ಯಾಯಾಮ ಆಗದು. ಮೂರನೆಯದು, ನಡುವೆ ಕಿರಿದಾದ ಗೂಡು, ಅದರ ಎರಡೂ ಕಡೆ ರೆಕ್ಕೆಗಳಂತೆ ಏಳುವ ಎರಡು ಹಲಗೆಗಳು, ರೆಕ್ಕೆಗಳನ್ನು ಹೊರುವುದಕ್ಕೆ ಬಾಗಿಲಿನಂತೆ ತೆರೆದುಕೊಳ್ಳುವ ಕಾಲುಗಳು. ಇದು ಹೊಸತಲ್ಲ, ಇಂಗ್ಲೆಂಡಿನಲ್ಲಿ 17ನೆಯ ಶತಮಾನದಲ್ಲಿಯೇ ಇಂಥ ಬಾಗಿಲುಗಾಲಿನ ಊಟದ ಮೇಜುಗಳು ಬಳಕೆಯಲ್ಲಿದ್ದವು. ನಾವು ಆರಿಸಿಕೊಂಡದ್ದು ಇದನ್ನೇ. ಅಡಿಗೆ ಗಾಲಿಗಳನ್ನು ಸೇರಿಸಿದ್ದಷ್ಟೇ ನಮ್ಮ ಹೆಚ್ಚುಗಾರಿಕೆ.

ಈಗ ಅಳತೆಗೆ ಬರೋಣ. ಕಾಗದ ಪೆನ್ಸಿಲು ಹತ್ತಿರವಿದ್ದರೆ ಬರೆದುಕೊಳ್ಳಬಹುದು.

ಎಲ್ಲಕ್ಕಿಂತ ಮೊದಲು ಎತ್ತರ. ಕತ್ತರಿಸುವವರು, ಕೆಲಸದ ಹೊತ್ತಿನಲ್ಲಿ ಬರಿಗಾಲಾದರೆ ಬರಿಗಾಲಿನಲ್ಲಿಯೇ, ನೆಟ್ಟಗೆ ನಿಲ್ಲಲಿ. ತೋಳನ್ನು ಸಡಿಲವಾಗಿ ಇಳಿಬಿಟ್ಟು, ಆರತಿಯ ತಟ್ಟೆ ಹಿಡಿದ ಹಾಗೆ ಮುಂಗೈಯನ್ನು ಮಡಿಸಲಿ. ನೆಲದಿಂದ ಮೊಣಕೈಯವರೆಗೆ ಅಳೆಯಿರಿ. ಅದರಲ್ಲಿ 4 ಅಂಗುಲ ಕಳೆಯಿರಿ. ಅದೇ ಮೇಜಿನ ಎತ್ತರ. ನಮ್ಮ ಅಕ್ಕನ ಮೊಣಕೈ 38 ಅಂಗುಲದಲ್ಲಿತ್ತು. ಮೇಜು 34 ಅಂಗುಲವಾಯಿತು. ಊಟದ ಮೇಜಿಗಿಂತ ನಾಲ್ಕೇ ಅಂಗುಲ ಹೆಚ್ಚು. ಆ ನಾಲ್ಕು ಅಂಗುಲದಲ್ಲಿ ಅವರ ಬೆನ್ನು ನೆಟ್ಟಗಾಯಿತು.

ಇನ್ನು ಹಲಗೆ. 8 ಅಡಿ ಉದ್ದ, 4 ಅಡಿ ಅಗಲದ, 18 ಮಿಲಿಮೀಟರ್ ದಪ್ಪದ ಒಂದೇ ಒಂದು ಪ್ಲೈವುಡ್ ಹಾಳೆ ಸಾಕು. ಐ.ಎಸ್. 303 ಎಂಬ ಮಾನಕದ ಗುರುತಿರುವುದನ್ನು ಕೇಳಿ ಕೊಳ್ಳಿ. ಮೇಲು ಹಲಗೆಗೆ ಮೂರು ತುಂಡು: ನಡುವಿನದು 36ಕ್ಕೆ 14 ಅಂಗುಲ, ರೆಕ್ಕೆಗಳು 36ಕ್ಕೆ 23 ಅಂಗುಲದವು ಎರಡು. ಹದಿನಾಲ್ಕೂ ಇಪ್ಪತ್ತಮೂರು ಎರಡು ಸಲವೂ ಸೇರಿ 60 ಆಯಿತಷ್ಟೆ. ಹಾಳೆಯ 8 ಅಡಿಯ ಉದ್ದದಲ್ಲಿ ಈ 60 ಅಂಗುಲವನ್ನು ತೆಗೆದರೆ ಕೊನೆಯಲ್ಲಿ ಸುಮಾರು 3 ಅಡಿಗೆ 4 ಅಡಿಯ ತುಂಡೊಂದು ಉಳಿಯುತ್ತದೆ. ಪಕ್ಕದಲ್ಲಿ 12 ಅಂಗುಲ ಅಗಲದ ಉದ್ದನೆಯ ಪಟ್ಟಿಯೊಂದು ಉಳಿಯುತ್ತದೆ. ದೊಡ್ಡ ತುಂಡಿನಿಂದ ಗೂಡಿನ ಎರಡು ಪಕ್ಕಗಳೂ ಎರಡು ಅಡ್ಡ ಹಲಗೆಗಳೂ, ಎಲ್ಲವೂ 11 ಅಂಗುಲ ಅಗಲದವು, ಹೊರಡುತ್ತವೆ. ಉಳಿದ ಪಟ್ಟಿಯನ್ನು ಮೇಲು ಹಲಗೆಯ ಕೆಳಗೆ, ಎರಡು ಪಕ್ಕಗಳ ನಡುವೆ, ಬೆನ್ನುಮೂಳೆಯಂತೆ ಉದ್ದಕ್ಕೆ ನಿಲ್ಲಿಸಿ. ಈ ಬೆನ್ನುಮೂಳೆಯನ್ನು ಮಾತ್ರ ಬಿಡಬೇಡಿ. ಇದಿಲ್ಲದಿದ್ದರೆ ಕತ್ತರಿಯ ಒಂದೊಂದು ಹೊಡೆತಕ್ಕೂ ಮೇಜು ತೊಟ್ಟಿಲಿನಂತೆ ತೂಗುತ್ತದೆ.

ಗೂಡಿನ ಪಕ್ಕಗಳನ್ನು ಎಷ್ಟು ಎತ್ತರಕ್ಕೆ ಕೊಯ್ಯಬೇಕೆಂಬುದನ್ನು ನಾನು ಈಗಲೇ ಹೇಳುವುದಿಲ್ಲ. ಮೊದಲು ಗಾಲಿಗಳನ್ನು ಕೊಂಡು ತನ್ನಿ. ಮೇಜಿನ ಎತ್ತರದಲ್ಲಿ ಗಾಲಿಯ ಎತ್ತರ, ಗಾಲಿ ಕೂರುವ ಅಡ್ಡಪಟ್ಟಿಯ ದಪ್ಪ, ಮೇಲು ಹಲಗೆಯ ದಪ್ಪ ಇಷ್ಟನ್ನೂ ಕಳೆದು ಉಳಿದದ್ದೇ ಪಕ್ಕದ ಎತ್ತರ. ಹಲಗೆಯನ್ನು ಕೊಯ್ದ ಮೇಲೆ ಗಾಲಿ ತರುವವರು ಮೇಜನ್ನು ಎರಡು ಸಲ ಮಾಡಿಸುತ್ತಾರೆ. ಗಾಲಿಗಳು ನಾಲ್ಕಕ್ಕೂ ಕಾಲಿನಿಂದ ಒತ್ತಿ ಬಿಗಿಯುವ ತಡೆ ಇರಲಿ. ಗೂಡು 11 ಅಂಗುಲವಷ್ಟೇ ಅಗಲವಾದ್ದರಿಂದ, ಅದು ಪಕ್ಕಕ್ಕೆ ಉರುಳದಂತೆ, ಎರಡು ತುದಿಗಳಲ್ಲಿಯೂ ಅಡಿಗೆ 17 ಅಂಗುಲದ ಮರದ ಅಡ್ಡಪಟ್ಟಿಯನ್ನು ಹಾಕಿಸಿ, ಅದರ ತುದಿಗಳಲ್ಲಿ ಗಾಲಿಗಳನ್ನು ಕೂಡಿಸಬೇಕು. ಭಾರದ ಸಾಮಾನನ್ನು, ಇಸ್ತ್ರಿಪೆಟ್ಟಿಗೆಯನ್ನೋ ಬಟ್ಟೆಯ ಸುರುಳಿಗಳನ್ನೋ, ಕೆಳಗಿನ ಹಲಗೆಯ ಮೇಲೆಯೇ ಇಡಬೇಕು. ತಳ ಭಾರವಾದರೆ ತಲೆ ನಿಲ್ಲುತ್ತದೆ.

ರೆಕ್ಕೆಗಳನ್ನು ನಡುವಿನ ಹಲಗೆಗೆ ಕೂಡಿಸುವುದು ಉದ್ದನೆಯ ಬಿಜಾಗರಿಯಿಂದ. ಅಂಗಡಿಯಲ್ಲಿ ಪಿಯಾನೋ ಹಿಂಜ್ ಎಂದು ಕೇಳಿದರೆ ಕೊಡುತ್ತಾರೆ. 36 ಅಂಗುಲದ್ದು ಎರಡು ಬೇಕು. ಇದನ್ನು ಹಲಗೆಯ ಅಡಿಯಿಂದಲೇ ಕೂಡಿಸಬೇಕು. ಅದರ ಗುಬುಟು ಕೆಳಮುಖವಾಗಿರಬೇಕು. ಮೇಲಿನಿಂದ ಕೂಡಿಸಿದರೆ ಎರಡು ತೊಂದರೆಗಳು: ರೆಕ್ಕೆ ಕೆಳಕ್ಕೆ ಇಳಿಯದು, ಕತ್ತರಿಯ ತುದಿ ಕಬ್ಬಿಣಕ್ಕೆ ತಗಲಿ ಬಾಯಿ ಹೋಗುತ್ತದೆ. ಅಡಿಯಿಂದ ಕೂಡಿಸಿದಾಗ ರೆಕ್ಕೆ ಎತ್ತಿದೊಡನೆ ಹಲಗೆಗಳ ಅಂಚುಗಳು ಒಂದಕ್ಕೊಂದು ಮುಟ್ಟಿ, ಸೀಳು ಬೆರಳಿಗೂ ಸಿಗದಂತೆ ಮುಚ್ಚಿಕೊಳ್ಳುತ್ತದೆ.

ರೆಕ್ಕೆಯನ್ನು ಹೊರುವ ಬಾಗಿಲುಗಾಲುಗಳು ಒಂದೊಂದು ಕಡೆಗೆ ಎರಡರಂತೆ ನಾಲ್ಕು. ಚೆನ್ನಾಗಿ ಒಣಗಿದ ಮರದ ಪಟ್ಟಿಗಳಿಂದ ಕಿಟಕಿಯ ಚೌಕಟ್ಟಿನಂತೆ 16 ಅಂಗುಲ ಅಗಲಕ್ಕೆ ಮಾಡಿಸಿ. ಪಟ್ಟಿಯ ದಪ್ಪ ಒಂದೂಕಾಲು ಅಂಗುಲ ಮೀರದಿರಲಿ. ಮೀರಿದರೆ ರೆಕ್ಕೆ ಇಳಿಬಿಟ್ಟಾಗ ನೆಟ್ಟಗೆ ನಿಲ್ಲದೆ ಹೊರಕ್ಕೆ ಚಾಚಿಕೊಳ್ಳುತ್ತದೆ. ಗೂಡಿನ ನಾಲ್ಕು ಮೂಲೆಗಳಿಗೆ ಒಂದೊಂದನ್ನು ಬಿಜಾಗರಿಯಿಂದ ತೂಗಿಸಿ, ಮುಚ್ಚಿದಾಗ ನಡುವಿನ ಕಡೆಗೆ ಮಡಿಯುವಂತಿರಲಿ. ಎರಡು ಚೌಕಟ್ಟು ಸೇರಿ 32 ಅಂಗುಲ. ಗೂಡಿನ ಉದ್ದ 34 ಅಂಗುಲ. ಆದಕಾರಣ ಎರಡೂ ಒಂದನ್ನೊಂದು ತಾಕದೆ ಒಳಗೆ ಕುಳಿತುಕೊಳ್ಳುತ್ತವೆ. ಚೌಕಟ್ಟಿನ ಹೊರಗಾಲು ನೆಲಕ್ಕೆ ಮುಟ್ಟುವ ಕಡೆ ತಿರುಪಿನಿಂದ ಎತ್ತರಿಸಿ ತಗ್ಗಿಸಬಹುದಾದ ರಬ್ಬರಿನ ಪಾದವನ್ನು ಹಾಕಿಸಿದರೆ ಒಳ್ಳೆಯದು. ನಮ್ಮ ಹಳೆಯ ಮನೆಗಳ ನೆಲ ಎಲ್ಲಿಯೂ ಸಮವಿಲ್ಲವಷ್ಟೆ.

ಇಷ್ಟಾದ ಮೇಲೆ ಲೆಕ್ಕ ನೋಡಿ. ಮುಚ್ಚಿದಾಗ ಮೇಜಿನ ಅಗಲ, ಇಳಿಬಿದ್ದ ಎರಡು ಹಲಗೆಗಳ ದಪ್ಪವೂ ಸೇರಿ, ಹದಿನೈದೂವರೆ ಅಂಗುಲ. ಮೊಳವೆಂದರೆ 18 ಅಂಗುಲ, ಅದಕ್ಕೂ ಕಡಿಮೆಯೇ. ಅಡಿಯ ಪಟ್ಟಿಯ ತುದಿಗಳು ಮಾತ್ರ ಅದಕ್ಕಿಂತ ಸ್ವಲ್ಪ ಮುಂದೆ ಬಂದಿದ್ದರೂ ಮೊಳವನ್ನು ಮೀರುವುದಿಲ್ಲ. ಬಿಚ್ಚಿದಾಗ 60 ಅಂಗುಲ. ಮಾರಿಗೆ ಒಂದಡಿ ಕಡಿಮೆ. ಮುಚ್ಚಿದಾಗ ನಾಲ್ಕೂವರೆ ಚದರಡಿ ನೆಲ ಸಾಕು, ಬಿಚ್ಚಿದಾಗ 15 ಚದರಡಿಯ ಬಯಲು. 10 ಅಡಿಯ ಕೋಣೆಯ ನಡುವೆ ಉರುಳಿಸಿ ತಂದು ಬಿಚ್ಚಿದರೆ, ಒಂದು ಗೋಡೆಗೆ ಯಂತ್ರವಿದ್ದರೂ, ಸುತ್ತಲೂ ಎರಡಡಿಗೆ ಮೇಲ್ಪಟ್ಟು ಓಡಾಡುವ ದಾರಿ ಉಳಿಯುತ್ತದೆ. ಬಟ್ಟೆ ನಿಂತಿತು, ಮನುಷ್ಯರು ಸುತ್ತಿದರು. ಆಚಾರರ ಮಾತು ನಡೆಯಿತು.

ಮೇಲ್ಮೈಯ ವಿಷಯದಲ್ಲಿ ಒಂದೆರಡು ಎಚ್ಚರಿಕೆಗಳು. ಕನ್ನಡಿಯಂತೆ ಹೊಳೆಯುವ ಹಾಳೆಯನ್ನು ಅಂಟಿಸಬೇಡಿ. ರೇಷ್ಮೆ ಅದರ ಮೇಲೆ ಜಾರುತ್ತದೆ, ಬೆಳಕು ಕಣ್ಣಿಗೆ ಹೊಡೆಯುತ್ತದೆ. ಹೊಳಪಿಲ್ಲದ, ನಯವಾದ, ತಿಳಿಬಣ್ಣದ ಲ್ಯಾಮಿನೇಟ್ ಹಾಳೆ ಉತ್ತಮ. ಅದನ್ನು ಮೇಲೆ ಮಾತ್ರ ಅಂಟಿಸಿ ಅಡಿಯನ್ನು ಬರಿದಾಗಿ ಬಿಟ್ಟರೆ ಕಾಲಕ್ರಮದಲ್ಲಿ ರೆಕ್ಕೆ ದೋಣಿಯಂತೆ ಬಾಗುತ್ತದೆ. ಅಡಿಗೂ ಒಂದು ಸಾದಾ ಹಾಳೆ ಬೇಕು. ಅಂಚುಗಳಿಗೆ ತೆಳುವಾದ ಮರದ ಪಟ್ಟಿ ಹೊಡೆಸಿ, ಮೂಲೆಗಳನ್ನು ಗುಂಡಗೆ ಉಜ್ಜಿಸಿ. ಪ್ಲೈವುಡ್ಡಿನ ಸಿಬಿರು ಒಂದು ಸಲ ಎಳೆ ಹಿಡಿದರೆ ಸೀರೆಯ ಬಾಳು ಮುಗಿಯಿತು. ಉದ್ದದ ಅಂಚಿನಲ್ಲಿ ಅಂಗುಲದ ಗುರುತುಗಳನ್ನು ಹಾಕಿಸುವುದಾದರೆ ಉಕ್ಕಿನ ಅಳತೆಪಟ್ಟಿಯಿಂದ ಹಾಕಿಸಿ. ಬಟ್ಟೆಯ ಟೇಪು ಹಲವು ವರ್ಷ ಎಳೆದಾಡಿದ ಮೇಲೆ ಹಿಗ್ಗಿರುತ್ತದೆ. ಮೇಜಿನ ಗುರುತಿನ ಮೇಲೆ ಟೇಪನ್ನು ಆಗಾಗ ಇಟ್ಟು ನೋಡಿದರೆ ಅದರ ಸುಳ್ಳು ಗೊತ್ತಾಗುತ್ತದೆ. ಇಸ್ತ್ರಿಯನ್ನೂ ಇದರ ಮೇಲೆಯೇ ಮಾಡುವುದಾದರೆ ದಪ್ಪನೆಯ ಹತ್ತಿಯ ಕಂಬಳಿಯನ್ನು ನಾಲ್ಕು ಪದರವಾಗಿ ಹಾಸಿಯೇ ಮಾಡಬೇಕು. ಇಲ್ಲವಾದರೆ ಬಿಸಿಗೆ ಅಂಟು ಬಿಟ್ಟು ಹಾಳೆ ಏಳುತ್ತದೆ.

ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನೂ ಒಂದು ಮಾತು. ರೆಕ್ಕೆ ಇಳಿಸುವಾಗ ಬಿಜಾಗರಿಯ ಸಂದಿನಲ್ಲಿ ಎಳೆಯ ಬೆರಳುಗಳು ಇಲ್ಲವೆಂದು ನೋಡಿಕೊಳ್ಳಿ. ಬಿಚ್ಚುವಾಗ ಮೊದಲು ಗಾಲಿಗೆ ತಡೆ, ಆಮೇಲೆ ರೆಕ್ಕೆಯನ್ನು ಎತ್ತಿ ಹಿಡಿದು ಎರಡು ಕಾಲುಗಳನ್ನು ಹೊರಕ್ಕೆ ತೆರೆಯುವುದು, ಆಮೇಲೆ ರೆಕ್ಕೆಯನ್ನು ಅವುಗಳ ಮೇಲೆ ಇಳಿಸುವುದು. ಮುಚ್ಚುವಾಗ ಇದನ್ನೇ ಹಿಂದುಮುಂದಾಗಿ ಮಾಡುವುದು. ಕ್ರಮ ತಪ್ಪಿದರೆ ವ್ಯಾಕರಣದಲ್ಲಿ ವಾಕ್ಯ ಕೆಡುತ್ತದೆ. ಇಲ್ಲಿ ಬೆರಳು ಜಜ್ಜುತ್ತದೆ.

ಕೊನೆಯದಾಗಿ ಮನೆಯವರೆಲ್ಲರೂ ಪಾಲಿಸಬೇಕಾದ ಒಂದು ನಿಯಮ. ಕತ್ತರಿಸುವುದು ಮುಗಿದೊಡನೆ ಮೇಜನ್ನು ಮುಚ್ಚಬೇಕು. ಬಿಚ್ಚಿದ ಮೇಜಿನ ಮೇಲೆ ಬೇರೆ ಯಾರೂ ಏನನ್ನೂ ಇಡತಕ್ಕದ್ದಲ್ಲ. ಮೇಷ್ಟ್ರ ಉತ್ತರಪತ್ರಿಕೆಗಳಿಗೂ ಇದರಲ್ಲಿ ರಿಯಾಯಿತಿ ಇಲ್ಲ. ಈ ನಿಯಮವನ್ನು ಅಕ್ಕ ಮಾಡಿದರು, ಮೊದಲು ಮುರಿದವನು ನಾನು, ಬೈಸಿಕೊಂಡದ್ದೂ ಉಂಟು.

ಮೇಜು ಬಂದ ಮೇಲೆ ಅಕ್ಕನ ಮಂಡಿ ವಾಸಿಯಾಯಿತೆಂದು ನಾನು ಹೇಳಲಾರೆ. ಮರ ಔಷಧವಲ್ಲ. ಅವರು ಮೊದಲಿನಷ್ಟು ಹೊಲಿಯುವುದೂ ಇಲ್ಲ. ಆದರೆ ಕತ್ತರಿಯನ್ನು ಮೇಲಿಡುವ ಮಾತನ್ನು ಮತ್ತೆ ಆಡಿಲ್ಲ. ಮೇಜು ಬಂದ ವಾರವೇ ಬೀರುವಿನ ತಳದಿಂದ ಆ ಎರಡು ಎಡತೋಳುಗಳನ್ನು ಹೊರತೆಗೆದರು; ಎಸೆಯದೆ ಇಟ್ಟುಕೊಂಡಿದ್ದರೆಂಬುದೇ ನನಗೆ ತಿಳಿದಿರಲಿಲ್ಲ. ಹೊಲಿಗೆ ಕಲಿಯಲು ಬರುವ ಪಕ್ಕದ ಮನೆಯ ಹುಡುಗಿಗೆ ಅವನ್ನು ಮೇಜಿನ ಮೇಲೆ ಹರಡಿ ತೋರಿಸಿ, “ನೋಡಮ್ಮ, ಇದು ನಾನು ಮಾಡಿದ ತಪ್ಪು. ಬಟ್ಟೆಯನ್ನು ಮಡಿಸು, ನೀನು ಸುತ್ತಿ ಬಾ” ಎಂದು ಪಾಠ ಹೇಳಿದರು.

ನಿಮ್ಮ ಮನೆಯಲ್ಲಿಯೂ ನೆಲದ ಮೇಲೆ ಮಂಡಿಯೂರಿ ಬಟ್ಟೆ ಕತ್ತರಿಸುವವರು ಇದ್ದಾರು. ಅವರು ತಾವಾಗಿ ಮೇಜು ಬೇಕೆಂದು ಕೇಳುವುದಿಲ್ಲ. ಇಷ್ಟು ವರ್ಷ ಕೇಳಿಲ್ಲವಷ್ಟೆ. ಇಂದು ಸಂಜೆ ಅವರ ಟೇಪನ್ನು ಅವರ ಕೈಯಿಂದಲೇ ಇಸಿದುಕೊಂಡು, ನೆಲದಿಂದ ಅವರ ಮೊಣಕೈಯವರೆಗೆ ಅಳೆದು ಒಂದು ಚೀಟಿಯಲ್ಲಿ ಬರೆದಿಡಿ. ಬಡಗಿಯನ್ನು ಕರೆಯುವುದು ನಾಳೆಗಾದರೂ ಆಗಲಿ. ಎಲ್ಲರ ಅಳತೆಯನ್ನೂ ತೆಗೆದುಕೊಂಡವರ ಅಳತೆಯನ್ನು ಮನೆಯವರು ಒಮ್ಮೆಯಾದರೂ ತೆಗೆದುಕೊಂಡಂತಾಗುತ್ತದೆ.